ದಿಟ್ಟ: ಬೈಗುಳವಾಗಿದ್ದದ್ದು ಹೊಗಳಿಕೆಯಾದ ಬಗೆ

'ದಿಟ್ಟ ಉತ್ತರ', 'ದಿಟ್ಟ ನಿಲುವು', 'ದಿಟ್ಟೆ' ಎಂದು ಮೆಚ್ಚಿ ಆಡುವ ಈ ಮಾತಿನ ಮೂಲ ಸಂಸ್ಕೃತದ 'ಧೃಷ್ಟ'. ಅಲ್ಲಿ ಅದಕ್ಕೆ ಅಷ್ಟೇನೂ ಒಳ್ಳೆಯ ಹೆಸರಿರಲಿಲ್ಲ.

ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠ 'ಧೃಷ್' ಧಾತುವಿಗೆ ಕೊಡುವ ಅರ್ಥ ಪ್ರಾಗಲ್ಭ್ಯ, ಅಂದರೆ ಅಳುಕಿಲ್ಲದಿರುವಿಕೆ. ಇಂಗ್ಲಿಷಿನ 'ಡೇರ್' ಕೂಡ ಇದರ ದೂರದ ನೆಂಟ. ಆದರೆ ಪಾಣಿನಿಯ 7.2.19ನೇ ಸೂತ್ರ 'ಧೃಷ್ಟ' ಎಂಬ ರೂಪವನ್ನು ನಾಚಿಕೆಗೇಡಿತನದ ಅರ್ಥಕ್ಕೇ ಕಟ್ಟಿಹಾಕುತ್ತದೆ. ಉಳಿದ ಕಡೆ 'ಧರ್ಷಿತ' ಎನ್ನಬೇಕು. ಅಮರಕೋಶವೂ ಧೃಷ್ಟನನ್ನು ಒಂದು ಕಡೆ, ಪ್ರಗಲ್ಭನನ್ನು ಇನ್ನೊಂದು ಕಡೆ ಕೂರಿಸುತ್ತದೆ. ಅಲಂಕಾರಶಾಸ್ತ್ರದ ನಾಲ್ಕು ಬಗೆಯ ನಾಯಕರಲ್ಲಿ 'ಧೃಷ್ಟ'ನೆಂದರೆ ಬೇರೊಬ್ಬಳನ್ನು ಕೂಡಿದ ಗುರುತು ಮೈಮೇಲಿದ್ದರೂ ಹೆಂಡತಿಯ ಮುಂದೆ ಬಂದು ನಿಲ್ಲುವವನು! ದ್ರುಪದನ ಮಗ ಧೃಷ್ಟದ್ಯುಮ್ನನ ಹೆಸರಿನಲ್ಲಿ ಮಾತ್ರ ಹಳೆಯ ಗೌರವ ಉಳಿದಿದೆ.

ತದ್ಭವವಾಗುವಾಗ ಮೂರು ಬದಲಾವಣೆ ನಡೆದಿವೆ: 'ಧ್ವನಿ' ದನಿಯಾದಂತೆ ಮಹಾಪ್ರಾಣ ಹೋಯಿತು, 'ಶೃಂಗಾರ' ಸಿಂಗಾರವಾದಂತೆ ಋಕಾರ ಇಕಾರವಾಯಿತು, 'ದೃಷ್ಟಿ' ದಿಟ್ಟಿಯಾದಂತೆ ಷ್ಟ ಟ್ಟ ಆಯಿತು. ಹಾಗಾಗಿ 'ಧಿಟ್ಟ' ಎಂದು ಬರೆದರೆ ತಪ್ಪು. ಇದೇ ಪದ ಹಿಂದಿಯಲ್ಲಿ 'ಢೀಠ್' ಆಗಿ ಮೊಂಡನನ್ನು, ಭಂಡನನ್ನು ಬೈಯುತ್ತದೆ. ತೆಲುಗಿನಲ್ಲಿ 'ದಿಟ್ಟ' ಎಂದರೆ ನುರಿತವನೂ ಹೌದು. ಕನ್ನಡ ಕೆಚ್ಚನ್ನು ಇಟ್ಟುಕೊಂಡು ಭಂಡತನವನ್ನು ಕಳಚಿತು. ಕಳಚಿದ್ದು ಎಲ್ಲಿಯೂ ಹೋಗಲಿಲ್ಲ: ಅದೇ ಧಾತುವಿನ 'ಧಾರ್ಷ್ಟ್ಯ' ತತ್ಸಮವಾಗಿ ಉಳಿದು ಉದ್ಧಟತನವನ್ನು ಹೇಳುತ್ತಿದೆ. (ಇಲ್ಲಿ ಮಹಾಪ್ರಾಣ ಬೇಕೇ ಬೇಕು, 'ದಾರ್ಷ್ಟ್ಯ' ಎಂದು ಬರೆಯುವವರೂ ಇದ್ದಾರೆ.) ಒಬ್ಬನೇ ವ್ಯಕ್ತಿ ಒಂದೇ ಮಾತು ಆಡಿದರೂ ಮೆಚ್ಚಿದವರಿಗೆ ಅದು ದಿಟ್ಟತನ, ಚುಚ್ಚಿಸಿಕೊಂಡವರಿಗೆ ಧಾರ್ಷ್ಟ್ಯ.

ಧೈರ್ಯಕ್ಕೂ ದಿಟ್ಟತನಕ್ಕೂ ಇರುವ ಅಂತರ ಕ್ರಿಯಾಪದಗಳಲ್ಲಿ ಗೊತ್ತಾಗುತ್ತದೆ. ಧೈರ್ಯ ಹೇಳಬಹುದು, ತುಂಬಬಹುದು, ಇನ್ನೊಬ್ಬರಿಂದ ಪಡೆಯಬಹುದು; ಅದು ಕುಂದುತ್ತದೆ, ಮತ್ತೆ ಬರುತ್ತದೆ. 'ದಿಟ್ಟತನ ಹೇಳಿದರು' ಎಂದು ಯಾರೂ ಅನ್ನುವುದಿಲ್ಲ. ದಿಟ್ಟತನವನ್ನು ತೋರುತ್ತಾರೆ, ಮೆರೆಯುತ್ತಾರೆ. ಅದಕ್ಕೆ ಎದುರಿಗೊಬ್ಬರು ಇರಬೇಕು, ತನ್ನ ಮಾತಿನ ಮೇಲೆ ತನಗೇ ನಂಬಿಕೆ ಇರಬೇಕು. ಕತ್ತಲಲ್ಲಿ ಒಬ್ಬಳೇ ನಡೆದು ಬಂದವಳು ಧೈರ್ಯವಂತೆ. ತುಂಬಿದ ಸಭೆಯಲ್ಲಿ ಎದ್ದು 'ಈ ಲೆಕ್ಕ ಸರಿಯಿಲ್ಲ' ಎಂದವಳು ದಿಟ್ಟೆ. ಉಕ್ಕುವ ಹೊಳೆಗೆ ಹಾರಿದವನದು ಸಾಹಸ, ಅಲ್ಲಿ 'ದಿಟ್ಟ' ಒಪ್ಪುವುದಿಲ್ಲ. ಸುದ್ದಿ ಬರೆಯುವವರು ಮಾತ್ರ ದಿನನಿತ್ಯದ ಆದೇಶಕ್ಕೂ 'ದಿಟ್ಟ ಕ್ರಮ' ಎಂಬ ಪಟ್ಟ ಕಟ್ಟುತ್ತಾರೆ. ಆ ಆದೇಶವನ್ನು ಯಾರೂ ವಿರೋಧಿಸುವವರೇ ಇರುವುದಿಲ್ಲ.