ದದ್ದಿಗೆ ಕಾರಣ ಕೊನೆಯ ಮಾತ್ರೆಯೇ ಆಗಿರಬೇಕಿಲ್ಲ

ಮೈಮೇಲೆ ಹಠಾತ್ತನೆ ದದ್ದು ಎದ್ದವರಲ್ಲಿ ಹೆಚ್ಚಿನವರು ಹಿಂದಿನ ರಾತ್ರಿ ನುಂಗಿದ ಮಾತ್ರೆಯ ಸ್ಟ್ರಿಪ್ಪನ್ನೇ ನನ್ನ ಮುಂದಿಡುತ್ತಾರೆ. ಅವರ ಅನುಮಾನ ಸಹಜವೇ. ಆದರೆ ಕಳೆದ 8 ವಾರಗಳಲ್ಲಿ ಯಾವ ಔಷಧವನ್ನು ಯಾವ ದಿನ ಆರಂಭಿಸಿದಿರಿ ಎಂಬುದೇ ನನ್ನ ಮೊದಲ ಪ್ರಶ್ನೆ.

ಔಷಧವೇ ಕಾರಣವಾಗಿರಬೇಕೆಂದೂ ಇಲ್ಲ. ಅಂಗೈ, ಮುಂಗೈಗಳಲ್ಲಿ ನಡುವೆ ಕಪ್ಪುಗೆಂಪು ಚುಕ್ಕೆ, ಅದರ ಸುತ್ತ ಊದಿಕೊಂಡ ಪೇಲವ ಬಳೆ, ಹೊರಗೆ ಕೆಂಪು ಅಂಚು ಹೀಗೆ ಮೂರು ಸುತ್ತುಗಳು ಸ್ಪಷ್ಟವಾಗಿ ಕಂಡರೆ, ಅದು ಬಹುತೇಕ ಎರಿತೀಮಾ ಮಲ್ಟಿಫಾರ್ಮೆ ಎಂಬ ಚರ್ಮದ ಕಾಯಿಲೆ. ಇಂಥವರ ತುಟಿಯಂಚಿನಲ್ಲಿ ವಾರ, ಹತ್ತು ದಿನಗಳ ಹಿಂದೆ ಎದ್ದು ಒಣಗಿದ ಹರ್ಪಿಸ್ ವೈರಾಣುವಿನ ಗುಳ್ಳೆಯ ಕಲೆ ಇದೆಯೇ ಎಂದು ನೋಡುತ್ತೇನೆ. ವೈರಾಣುವಿನ ವಿರುದ್ಧ ಎಚ್ಚೆತ್ತ ರೋಗನಿರೋಧಕ ಕಣಗಳೇ ಚರ್ಮಕ್ಕೂ ಪೆಟ್ಟು ಕೊಡುವುದರಿಂದ ಹೀಗಾಗುತ್ತದೆ. ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಾನಾಗಿ ವಾಸಿಯಾಗುವ ಇದು ಮತ್ತೆ ಮತ್ತೆ ಮರುಕಳಿಸಬಹುದು.

1922ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ವೈದ್ಯರು ಇಬ್ಬರು ಮಕ್ಕಳಲ್ಲಿ ಗುರುತಿಸಿದ, ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ ಚರ್ಮ ಕಳಚುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಕಾಯಿಲೆಯನ್ನು ಬಹುಕಾಲ ಇದರದೇ ತೀವ್ರ ರೂಪವೆಂದು ಭಾವಿಸಲಾಗಿತ್ತು. ಇಂದು ಅದನ್ನು ಬೇರೆಯಾಗಿಯೇ ಕಾಣುತ್ತೇವೆ. ಮಕ್ಕಳಲ್ಲಿ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಈ ಸಿಂಡ್ರೋಮನ್ನೇ ಹೋಲುವ ಬಾಯಿಹುಣ್ಣು, ಕಣ್ಣುರಿ ಬರುವುದುಂಟಾದರೂ, ದೊಡ್ಡವರಲ್ಲಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ಗೆ ಕಾರಣ ಹೆಚ್ಚಾಗಿ ಔಷಧವೇ: ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್, ಸಲ್ಫಾ ಗುಂಪಿನ ಮಾತ್ರೆಗಳು.

ದಿನಾಂಕ ಮುಖ್ಯವಾಗುವುದು ಇಲ್ಲಿಯೇ. ಈ ಕಾಯಿಲೆ ಸಾಮಾನ್ಯವಾಗಿ ಔಷಧ ಆರಂಭಿಸಿದ 4ರಿಂದ 28 ದಿನಗಳೊಳಗೆ ತಲೆಯೆತ್ತುತ್ತದೆ, ಮತ್ತು ಚರ್ಮದಲ್ಲಿ ಏನೂ ಕಾಣದ ಮೊದಲ ಒಂದೆರಡು ದಿನ ಬರೀ ಜ್ವರ, ಗಂಟಲುನೋವು, ಕಣ್ಣುರಿ ಇರುತ್ತವೆ. ಆ ಜ್ವರಕ್ಕೆಂದು ಪ್ಯಾರಾಸಿಟಮಾಲನ್ನೋ ಆ್ಯಂಟಿಬಯಾಟಿಕ್ಕನ್ನೋ ನುಂಗಿದ ಮರುದಿನ ದದ್ದು ಎದ್ದಾಗ, ದೂರೆಲ್ಲ ಆ ಮಾತ್ರೆಯ ಮೇಲೆ ಬಿದ್ದು, ಮೂರು ವಾರದಿಂದ ನಡೆಯುತ್ತಿರುವ ನಿಜವಾದ ಕಾರಣ ಬೆಳಿಗ್ಗೆ ಸಂಜೆ ಹೊಟ್ಟೆ ಸೇರುತ್ತಲೇ ಇರುತ್ತದೆ. ನನ್ನನ್ನು ಹೆಚ್ಚು ಕಳವಳಗೊಳಿಸುವ ತಪ್ಪು ಇದು, ಏಕೆಂದರೆ ಕಾರಣವಾದ ಔಷಧವನ್ನು ಬೇಗ ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಚರ್ಮ ತುರಿಸುವುದಕ್ಕಿಂತ ಹೆಚ್ಚಾಗಿ ನೋಯುತ್ತಿದ್ದರೆ, ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣಾಗಿದ್ದರೆ, ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಾಗ ಮೇಲ್ಪದರ ಜಾರಿ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು, ಮೈಚರ್ಮದ ಶೇ. 30ಕ್ಕಿಂತ ಹೆಚ್ಚು ಭಾಗ ಕಳಚಿದವರಿಗೆ ಸುಟ್ಟಗಾಯದ ರೋಗಿಗೆ ಬೇಕಾದಷ್ಟೇ ಆರೈಕೆ ಬೇಕಾಗುತ್ತದೆ. ಮೂರ್ಛೆರೋಗದ ಮಾತ್ರೆಯನ್ನು ನಿಲ್ಲಿಸಿದ ಮೇಲೆ ಬದಲಿ ಔಷಧವನ್ನು ವೈದ್ಯರೇ ಆರಿಸಬೇಕು. ಕಾರ್ಬಮಜೆಪಿನ್ ಒಗ್ಗದವರಿಗೆ ಫೆನಿಟಾಯಿನ್ ಕೂಡ ಒಗ್ಗದಿರಬಹುದು.

ಗುಣವಾಗಿ ಮನೆಗೆ ಹೊರಟವರ ಕೈಗೆ, ಅವರು ಮತ್ತೆ ಮುಟ್ಟಬಾರದ ಔಷಧವನ್ನು ಬರೆದ ಒಂದು ಚೀಟಿ ಕೊಡುತ್ತೇನೆ. ಒಂದೇ ಔಷಧ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುವುದರಿಂದ, ಅದರಲ್ಲಿ ಬ್ರ್ಯಾಂಡಿನ ಹೆಸರಿರುವುದಿಲ್ಲ. ಮಾತ್ರೆಯೊಳಗಿನ ಔಷಧದ ಹೆಸರಿರುತ್ತದೆ.