ಐದು ವರ್ಷದ ಯೋಜನೆಯ ಮೊದಲ ಪುಟ

ಮೈಸೂರು ಮತ್ತು ಮಂಡ್ಯ ಭಾಗದ ಜೀವವಿಜ್ಞಾನ ವಿಭಾಗಗಳು ತಮ್ಮ ಐದು ವರ್ಷದ ಕಾರ್ಯಯೋಜನೆಯ ಕರಡನ್ನು ಒಮ್ಮೆ ನೋಡಿಕೊಡಿ ಎಂದು ನನಗೆ ಕಳಿಸುವುದುಂಟು. ಹೆಚ್ಚಿನ ಕರಡುಗಳಲ್ಲಿ ಮೊದಲು ಧ್ಯೇಯೋದ್ದೇಶಗಳು, ಅವುಗಳ ಬೆನ್ನಿಗೇ ಕೊಳ್ಳಬೇಕಾದ ಉಪಕರಣಗಳ ಪಟ್ಟಿ ಇರುತ್ತದೆ. ಇದಕ್ಕೆ ಕಾರಣವೂ ಇದೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್ ಇದುವರೆಗೆ ಬಳಸುತ್ತ ಬಂದ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತಕ್ಕೆ ಸಂಬಂಧಿಸಿದ್ದು. ಸಂಸ್ಥೆಗೆ ಕಾರ್ಯತಂತ್ರದ ಯೋಜನೆ ಇದೆಯೇ, ಅದು ಜಾರಿಯಾಗಿದೆಯೇ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಪರಿಶೀಲನಾ ತಂಡ ಬರುವ ದಿನ ಹತ್ತಿರವಾದಾಗ ಕುಳಿತು ಬರೆದ ಯೋಜನೆ ಆ ತಂಡದ ಕಣ್ಣಿಗಾಗಿಯೇ ಬರೆದದ್ದಾಗುತ್ತದೆ, ವಿಭಾಗದ ನಾಳೆಗಾಗಿ ಅಲ್ಲ.

ಜೀವವಿಜ್ಞಾನ ವಿಭಾಗದ ಆಸ್ತಿಯಲ್ಲಿ ಒಂದು ಪಾಲು ಜೀವಂತವಾಗಿರುವಂಥದ್ದು, ಇನ್ನೊಂದು ಪಾಲು ಆರೈಕೆ ತಪ್ಪಿದರೆ ಹಾಳಾಗುವಂಥದ್ದು. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ದಶಕಗಳಿಂದ ಉಳಿಸಿಕೊಂಡು ಬಂದಿರುವ ಡ್ರೊಸೊಫಿಲ ಎಂಬ ಹಣ್ಣಿನ ನೊಣದ ತಳಿಗಳನ್ನೇ ನೋಡಿ. ಈ ನೊಣದ ತಳಿಗಳನ್ನು ಬೀಜದಂತೆ ಒಣಗಿಸಿ ಡಬ್ಬಿಯಲ್ಲಿಡಲು ಬರುವುದಿಲ್ಲ. ಅವುಗಳ ಆಹಾರಕ್ಕೆ ಗೋಧಿ ರವೆ, ಬೆಲ್ಲ, ಗಟ್ಟಿಯಾಗಿಸುವ ಅಗರ್ ಸೇರಿಸಿ ಕುದಿಸಬೇಕು. ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಹಾಕಬೇಕು. ಬಿಸಿ ಇರುವಾಗಲೇ ಸೀಸೆಗಳಿಗೆ ಸುರಿದು, ಒಳಗಿನ ತೇವ ಆರಿದ ಮೇಲೆ ನೊಣಗಳನ್ನು ಬಿಟ್ಟು ಬಾಯಿಗೆ ಹತ್ತಿ ತುರುಕಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 10 ದಿನಗಳಲ್ಲಿ ಮೊಟ್ಟೆ ನೊಣವಾಗುತ್ತದೆ. ಕೆಲವು ವಾರಗಳಿಗೊಮ್ಮೆ ತಪ್ಪದೆ ಹೊಸ ಸೀಸೆಗೆ ವರ್ಗಾಯಿಸದಿದ್ದರೆ ತಳಿ ಅಲ್ಲಿಗೇ ಮುಗಿಯುತ್ತದೆ. ಈ ಕೆಲಸಕ್ಕೆ ದಸರಾ ರಜೆಯೂ ಇಲ್ಲ, ಬೇಸಿಗೆ ರಜೆಯೂ ಇಲ್ಲ. ಮೈಸೂರು, ನಾಗರಹೊಳೆಗಳ ಹೆಸರು ಹೊತ್ತ ಡ್ರೊಸೊಫಿಲ ಪ್ರಭೇದಗಳು ವಿಜ್ಞಾನ ಲೋಕಕ್ಕೆ ದೊರೆತಿರುವುದು ಇಂಥ ಎಡೆಬಿಡದ ದುಡಿಮೆಯ ಪರಂಪರೆಯಿಂದಲೇ. ಆದರೆ ಈ ದುಡಿಮೆಯನ್ನು ಯಾವ ಉಪಕರಣಗಳ ಪಟ್ಟಿಯಲ್ಲೂ ಬರೆಯಲಾಗುವುದಿಲ್ಲ.

ಆದ್ದರಿಂದ ನಾನು ಕೊಡುವ ಮೊದಲ ಸಲಹೆ, ಯೋಜನೆಯ ಮೊದಲ ಪುಟದಲ್ಲಿ ವಿಭಾಗ ಈಗಾಗಲೇ ಏನನ್ನು ಕಾಪಾಡುತ್ತಿದೆ, ಪ್ರತಿಯೊಂದನ್ನೂ ಯಾರು ನೋಡಿಕೊಳ್ಳುತ್ತಿದ್ದಾರೆ, ಅವರ ನಿವೃತ್ತಿ ಯಾವ ವರ್ಷ ಎಂದು ಬರೆಯಿರಿ ಎಂಬುದು. ನಾನು ಕೆಲಸ ಮಾಡಿದ ಒಂದು ವಿಭಾಗದಲ್ಲಿ ಹರ್ಬೇರಿಯಂ ಹಾಳೆಗಳನ್ನು, ಅಂದರೆ ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳನ್ನು, ಬೆಳ್ಳಿಮೀನು ಹುಳು ತಿಂದು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಕಪಾಟುಗಳನ್ನು ತೆರೆದು, ಹಾಳೆಗಳನ್ನು ಬಿಸಿಲು ಬೀಳದ ಕಡೆ ಗಾಳಿಗಿಟ್ಟು, ಮಳೆಗಾಲಕ್ಕೆ ಮುನ್ನ ಔಷಧ ಹಾಕುತ್ತಿದ್ದ ಸಹಾಯಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿದಿತ್ತು. ಮೂರನೆಯ ಮಳೆಗಾಲದ ನಂತರ ಕಪಾಟಿನ ಬಾಗಿಲು ತೆಗೆದಾಗ ಗಿಡದ ಎಲೆಗಳ ಜೊತೆಗೆ ಗಿಡ ಸಿಕ್ಕಿದ ಊರು ಮತ್ತು ತಾರೀಖು ಬರೆದಿದ್ದ ಚೀಟಿಗಳೂ ಪುಡಿಯಾಗಿದ್ದವು. ಗಿಡವನ್ನು ಮತ್ತೆ ಹುಡುಕಿ ತರಬಹುದು, ಐವತ್ತು ವರ್ಷದ ಹಿಂದೆ ಅದು ಯಾವ ಕೆರೆಯ ದಂಡೆಯಲ್ಲಿತ್ತು ಎಂಬುದನ್ನು ತರಲಾಗುವುದಿಲ್ಲ. ಅದೇ ವರ್ಷ ಆ ವಿಭಾಗಕ್ಕೆ ಹೊಸ ಉಪಕರಣಕ್ಕೆಂದು ಅನುದಾನ ಬಂದಿತ್ತು. ಈ ನೋವು ನನ್ನಲ್ಲಿ ಇಂದಿಗೂ ಇದೆ.

ಹಣದ ವಿಷಯದಲ್ಲೂ ಆಗುವುದು ಇದೇ. ಸಂಶೋಧನಾ ಅನುದಾನದಲ್ಲಿ ಅನಾವರ್ತಕ ವೆಚ್ಚಕ್ಕೆ, ಅಂದರೆ ಒಮ್ಮೆ ಕೊಳ್ಳುವುದಕ್ಕೆ, ದೊರೆಯುವಷ್ಟು ಸುಲಭವಾಗಿ ವರ್ಷ ವರ್ಷದ ನಿರ್ವಹಣೆಗೆ ಹಣ ದೊರೆಯುವುದಿಲ್ಲ. ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್ ಕೊಂಡವರು ವಾರಂಟಿ ಮುಗಿದ ನಂತರದ ನಿರ್ವಹಣಾ ಒಪ್ಪಂದ, ಜನರೇಟರ್‌ನ ಡೀಸೆಲ್, ರಾತ್ರಿ ಕರೆಂಟ್ ಹೋದರೆ ಬಂದು ನೋಡುವವರು ಯಾರು ಎಂಬುದನ್ನೂ ಅದೇ ಕಡತದಲ್ಲಿ ಬರೆದಿಡಬೇಕು. ಅದನ್ನು ಬರೆಯಲಾಗದಿದ್ದರೆ ಕೊಳ್ಳುವುದನ್ನೇ ಮುಂದಕ್ಕೆ ಹಾಕುವುದು ಮೇಲು.

ಇನ್ನು ಪಠ್ಯಕ್ರಮ. ರಾಜ್ಯದಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಇಷ್ಟು ಬೇಗ ಬದಲಾಗುವುದನ್ನು ಬುನಾದಿಯಾಗಿ ಮಾಡಿಕೊಂಡು ಐದು ವರ್ಷದ ಲೆಕ್ಕ ಹಾಕಬಾರದು. ಪಠ್ಯಕ್ರಮ ಯಾವುದೇ ಬಂದರೂ ನಡೆಯಬಲ್ಲ ಕೆಲಸ ಯಾವುದು ಎಂದು ಕೇಳಿಕೊಳ್ಳಬೇಕು.

ಅಂಥ ಕೆಲಸ ನಮ್ಮ ಕಾಲಬುಡದಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ. ಮಂಡ್ಯ ಜಿಲ್ಲೆಯಲ್ಲಿ ರಂಗನತಿಟ್ಟು ಇದೆ, ಹೆಜ್ಜಾರ್ಲೆಗಳು ಊರಿನ ಮರಗಳ ಮೇಲೆಯೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿದೆ. ಕೆರೆ ಹತ್ತಿರವಿರುವ ಕಾಲೇಜಿನ ವಿದ್ಯಾರ್ಥಿಗಳು ಅಲ್ಲಿಂದ ನೀರು ತಂದು ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಎಣಿಸುತ್ತಾರೆ, ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಪ್ರತಿ ತಿಂಗಳು ಅದೇ ಜಾಗದಿಂದ, ಅದೇ ಹೊತ್ತಿನಲ್ಲಿ, ಅದೇ ಅಳತೆಯ ಬಲೆಯಿಂದ ತೆಗೆದ ಮಾದರಿಯ ಎಣಿಕೆಯನ್ನು ವಿಭಾಗದ ಒಂದೇ ದಫ್ತರದಲ್ಲಿ ಬರೆದಿಟ್ಟರೆ ಹತ್ತು ವರ್ಷಕ್ಕೆ ಅದು ಕೆರೆಯ ಚರಿತ್ರೆಯಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಪ್ಲವಕ ಬಲೆ, ಸೂಕ್ಷ್ಮದರ್ಶಕ, ಮಾದರಿ ಕೆಡದಂತೆ ಇಡಲು ಫಾರ್ಮಲಿನ್, ಮತ್ತು ಹೊಣೆ ಹೊತ್ತ ಒಬ್ಬ ಅಧ್ಯಾಪಕರು. ಆ ಹೊಣೆಯನ್ನು ಸೆಮಿಸ್ಟರ್‌ಗೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರೊಬ್ಬರ ಮೇಲೆ ಹೊರಿಸುವುದು ಅವರಿಗೂ ಅನ್ಯಾಯ, ಕೆಲಸಕ್ಕೂ ಅನ್ಯಾಯ.

ಮಂಡ್ಯದ ಒಂದು ವಿಭಾಗದ ಅಧ್ಯಕ್ಷರು ಈಚೆಗೆ ನನಗೆ ಎರಡನೆಯ ಕರಡು ಕಳಿಸಿದರು. ಮೊದಲ ಪುಟದಲ್ಲಿ ಮೂರು ಅಂಕಣಗಳಿದ್ದವು: ಕಾಪಾಡಬೇಕಾದದ್ದು, ಈಗ ನೋಡಿಕೊಳ್ಳುತ್ತಿರುವವರು, ಅವರ ನಂತರದವರು. ಮೂರನೆಯ ಅಂಕಣದಲ್ಲಿ ನಾಲ್ಕು ಮನೆಗಳು ಖಾಲಿ ಇದ್ದವು. ತುಂಬಿಸಿ ಕಳಿಸಲೇ ಎಂದು ಅವರು ಕೇಳಿದ್ದರು. ಖಾಲಿ ಇರುವುದನ್ನು ಹಾಗೆಯೇ ಬಿಡಿ, ಅದರ ಪಕ್ಕದಲ್ಲಿ ಹುದ್ದೆಯ ಹೆಸರು ಬರೆದು ಕುಲಸಚಿವರಿಗೆ ಇದೇ ಪುಟವನ್ನು ಕಳಿಸಿ ಎಂದು ತಿಳಿಸಿದೆ.