ಪದ ಪರಿಚಯ: ಜಂಟಿ ಯೋಜನೆಯ ಸಾರ್ವಜನಿಕ ಸಮಾಲೋಚನೆ

ಇಂಗ್ಲೆಂಡಿನ ಸ್ಥಳೀಯ ಆಡಳಿತದ ಕಾಗದಪತ್ರಗಳಲ್ಲಿ ‘ಜಂಟಿ ಸ್ಥಳೀಯ ಯೋಜನೆಯ ಸಮಾಲೋಚನೆ’ ಎಂಬ ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ. ಅಕ್ಕಪಕ್ಕದ ಎರಡು, ಮೂರು ಅಥವಾ ಇನ್ನೂ ಹೆಚ್ಚು ಕೌನ್ಸಿಲ್‌ಗಳು ಸೇರಿ, ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಮನೆಗಳು ಎಲ್ಲಿ ಬರಬೇಕು, ಉದ್ಯೋಗದ ಜಾಗಗಳು ಎಲ್ಲಿರಬೇಕು, ಯಾವ ಬಯಲನ್ನು ಮುಟ್ಟಬಾರದು ಎಂಬುದನ್ನು ಒಂದೇ ದಸ್ತಾವೇಜಿನಲ್ಲಿ ಬರೆಯಲು ಹೊರಟರೆ ಅದು ಜಂಟಿ ಯೋಜನೆ. ಆ ಯೋಜನೆಯ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳುವುದು, ಬಂದ ಅಭಿಪ್ರಾಯವನ್ನು ಕಾನೂನು ಬಯಸುವಷ್ಟು ಗಮನವಿಟ್ಟು ಪರಿಶೀಲಿಸುವುದು ಅದರ ಸಮಾಲೋಚನೆ.

ಸಮಾಲೋಚನೆ ಎಂದರೆ ಕೂಡಿ ಆಲೋಚಿಸುವುದು. ‘ಸಮ್’ ಎಂಬ ಉಪಸರ್ಗದಲ್ಲೇ ಆ ಕೂಡುವಿಕೆಯ ಧ್ವನಿ ಇದೆ. ಆದರೆ ಯೋಜನಾ ಕಾನೂನಿನಲ್ಲಿ ಈ ಪದಕ್ಕೆ ಅಷ್ಟು ಉದಾರವಾದ ಅರ್ಥವಿಲ್ಲ. ನಿರ್ಧಾರ ಕೊನೆಯವರೆಗೂ ಕೌನ್ಸಿಲ್‌ನ ಕೈಯಲ್ಲೇ ಉಳಿಯುತ್ತದೆ. ಸಾವಿರ ಜನ ಬೇಡವೆಂದರೂ ಅದು ಬೇಕೆನ್ನಬಹುದು. ಹಾಗಾಗಿ ಇದು ಜನಮತಗಣನೆಯಲ್ಲ. ನಮಗೆ ಹೆಚ್ಚು ಪರಿಚಿತವಾದ ‘ಆಕ್ಷೇಪಣೆಗಳ ಆಹ್ವಾನ’ವೂ ಇದಕ್ಕೆ ಸರಿಯಾದ ಸಮಾನಪದವಲ್ಲ, ಏಕೆಂದರೆ ಆಕ್ಷೇಪಣೆ ಹುಟ್ಟುವುದು ಎದುರಿಗೊಂದು ಸಿದ್ಧವಾದ ತೀರ್ಮಾನ ಇದ್ದಾಗ, ಸಮಾಲೋಚನೆಯಾದರೋ ತೀರ್ಮಾನ ಇನ್ನೂ ಹಸಿಯಾಗಿರುವಾಗಲೇ ಆರಂಭವಾಗಬೇಕು. ಈ ಎರಡರ ನಡುವೆ ಎಲ್ಲೋ ಒಂದು ಕಡೆ ಈ ಪದದ ನಿಜವಾದ ಜಾಗವಿದೆ, ಮತ್ತು ಆ ಜಾಗ ಹಂತದಿಂದ ಹಂತಕ್ಕೆ ಬದಲಾಗುತ್ತದೆ.

ಕೌನ್ಸಿಲ್‌ಗಳು ಜಂಟಿಯಾಗುವುದೇಕೆ ಎಂಬುದಕ್ಕೆ ವೂಸ್ಟರ್ ನಗರ ಒಳ್ಳೆಯ ಉದಾಹರಣೆ. ನಗರದ ಆಡಳಿತದ ಎಲ್ಲೆ ಊರಿನ ಅಂಚಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬೆಳೆಯುವ ನಗರಕ್ಕೆ ಬೇಕಾದ ನೆಲ ನೆರೆಯ ಮಾಲ್ವರ್ನ್ ಹಿಲ್ಸ್ ಮತ್ತು ವಿಚಾವನ್ ಜಿಲ್ಲೆಗಳಲ್ಲಿದೆ. ಈ ಮೂರು ಕೌನ್ಸಿಲ್‌ಗಳು ಸೇರಿ ರೂಪಿಸಿದ ದಕ್ಷಿಣ ವೂಸ್ಟರ್‌ಷೈರ್ ಅಭಿವೃದ್ಧಿ ಯೋಜನೆ 2016ರಲ್ಲಿ ಅಂಗೀಕಾರವಾಯಿತು. ಮನೆ ಕಟ್ಟುವುದು ಒಬ್ಬರ ಹೊಲದಲ್ಲಿ, ಆ ಮನೆಯವರು ಕೆಲಸಕ್ಕೆ ಹೋಗುವುದು ಇನ್ನೊಬ್ಬರ ಊರಿಗೆ, ಮಳೆನೀರು ಹರಿದು ಹೋಗುವುದು ಮೂರನೆಯವರ ಕಡೆಗೆ. ಇಂಥಲ್ಲಿ ಪ್ರತ್ಯೇಕ ನಕ್ಷೆಗಳನ್ನು ಬರೆದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಎರಡು ಅಥವಾ ಹೆಚ್ಚು ಕೌನ್ಸಿಲ್‌ಗಳು ಒಪ್ಪಂದ ಮಾಡಿಕೊಂಡು ಒಂದೇ ಯೋಜನೆ ತಯಾರಿಸಲು 2004ರ ಯೋಜನೆ ಮತ್ತು ಕಡ್ಡಾಯ ಸ್ವಾಧೀನ ಕಾಯ್ದೆಯ 28ನೆಯ ಕಲಮು ಅವಕಾಶ ಕೊಟ್ಟಿತು. ಇಡೀ ಪ್ರದೇಶಕ್ಕೆ ಮೇಲಿನಿಂದ ಬರುತ್ತಿದ್ದ ಪ್ರಾದೇಶಿಕ ಕಾರ್ಯತಂತ್ರಗಳನ್ನು ತೆಗೆದುಹಾಕುವ ದಾರಿ ತೆರೆದ 2011ರ ಲೋಕಲಿಸಂ ಕಾಯ್ದೆ, ಅವುಗಳ ಬದಲಿಗೆ ನೆರೆಯವರ ಮೇಲೆ ‘ಸಹಕಾರದ ಕರ್ತವ್ಯ’ವನ್ನು ಹೇರಿತು. ಮೇಲಿನವರು ಹೇಳುವುದು ನಿಂತಿದ್ದರಿಂದ ಪಕ್ಕದವರನ್ನು ಕೇಳಲೇಬೇಕಾಯಿತು.

ಜಂಟಿ ಯೋಜನೆಯಲ್ಲಿ ಸಮಾಲೋಚನೆಗೆ ವಿಶೇಷ ತೂಕ ಬರುವುದು ಇಲ್ಲಿಯೇ. ಒಂಟಿ ಕೌನ್ಸಿಲ್‌ನ ಯೋಜನೆ ಇಷ್ಟವಾಗದಿದ್ದರೆ ನಿವಾಸಿ ಮುಂದಿನ ಚುನಾವಣೆಯಲ್ಲಿ ಅದನ್ನು ತೋರಿಸಬಹುದು. ಜಂಟಿ ಯೋಜನೆಯಲ್ಲಿ ಅವರ ಮನೆಯ ಹಿಂದಿನ ಬಯಲಿಗೆ ಐನೂರು ಮನೆಗಳನ್ನು ತರುವ ವಾದ ನೆರೆಯ ಕೌನ್ಸಿಲ್‌ನ ಅಗತ್ಯದಿಂದ ಹುಟ್ಟಿರಬಹುದು, ಆದರೆ ಆ ನೆರೆಯ ಕೌನ್ಸಿಲರ್‌ಗಳನ್ನು ಆರಿಸುವ ಅಥವಾ ಇಳಿಸುವ ಹಕ್ಕು ಅವರಿಗಿಲ್ಲ. ಮತ ಎಲ್ಲೆಯ ಬಳಿ ನಿಲ್ಲುತ್ತದೆ. ಲಿಖಿತ ಅಭಿಪ್ರಾಯ ನಿಲ್ಲುವುದಿಲ್ಲ. ಕರಡು ಯೋಜನೆಯ ಬಗ್ಗೆ ಬರೆಯುವವರು ಆಯಾ ಕೌನ್ಸಿಲ್‌ನ ನಿವಾಸಿಯೇ ಆಗಿರಬೇಕೆಂದು ಕಾನೂನು ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಪದದ ತಿರುಳು ಇಷ್ಟೇ: ಮತದಾನದ ಕೈಗೆ ಎಟುಕದ ಕಡೆ ಚಾಚುವ, ಕಾನೂನು ಕೊಟ್ಟ ಉದ್ದನೆಯ ಕೋಲು ಇದು. ಕೋಲಿನಿಂದ ತಟ್ಟಬಹುದು, ಎತ್ತಿಕೊಳ್ಳಲಾಗುವುದಿಲ್ಲ.

ಈ ಕೋಲಿನ ಬಲ ಎಷ್ಟು ಎಂಬ ಚರ್ಚೆ ಹಳೆಯದು. 1968ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಯೋಜನೆಗಳಿಗೆ ಪ್ರಚಾರ ಕೊಟ್ಟು ಜನರ ಮಾತು ಕೇಳಬೇಕೆಂದಿತು. ಅದನ್ನು ಹೇಗೆ ಮಾಡಬೇಕೆಂದು ಸಂಸತ್ ಸದಸ್ಯ ಆರ್ಥರ್ ಸ್ಕೆಫಿಂಗ್ಟನ್ ಅಧ್ಯಕ್ಷತೆಯ ಸಮಿತಿ 1969ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಅಟ್ಲಾಂಟಿಕ್‌ನ ಆಚೆ ಅಮೆರಿಕದಲ್ಲಿ ಶೆರಿ ಆರ್ನ್‌ಸ್ಟೈನ್ ಅವರು ನಾಗರಿಕ ಸಹಭಾಗಿತ್ವವನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿ, ಸಮಾಲೋಚನೆಯನ್ನು ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಲ್ಲಿ, ಅಂದರೆ ತೋರಿಕೆಯ ಸಹಭಾಗಿತ್ವ ಎಂದು ಅವರು ಕರೆದ ಗುಂಪಿನಲ್ಲಿ ಕೂರಿಸಿದರು. ಈ ಏಣಿ ಇಂದಿಗೂ ಪಾಠಗಳಲ್ಲಿ ಉಲ್ಲೇಖವಾಗುತ್ತದೆ, ಅನೇಕ ವೇಳೆ ಸಮಾಲೋಚನೆಯನ್ನು ಬೈಯುವುದಕ್ಕಾಗಿಯೇ. ಆ ಬೈಗುಳದಲ್ಲಿ ಸತ್ಯವಿದೆಯಾದರೂ, ಇಂಗ್ಲೆಂಡಿನ ನ್ಯಾಯಾಲಯಗಳು ಆ ನಾಲ್ಕನೆಯ ಮೆಟ್ಟಿಲನ್ನು ಸಾಕಷ್ಟು ಗಟ್ಟಿ ಮಾಡಿವೆ ಎಂಬುದನ್ನೂ ಮರೆಯಬಾರದು.

ಗಟ್ಟಿ ಮಾಡಿದ್ದು 1985ರ ಗನ್ನಿಂಗ್ ಪ್ರಕರಣ. ಲಂಡನ್ನಿನ ಬ್ರೆಂಟ್ ಕೌನ್ಸಿಲ್ ಶಾಲೆಗಳ ಮುಚ್ಚುವಿಕೆ ಮತ್ತು ವಿಲೀನಕ್ಕೆ ಸಂಬಂಧಿಸಿ ನಡೆಸಿದ ಸಮಾಲೋಚನೆಯನ್ನು ಪ್ರಶ್ನಿಸಿದ ಈ ಮೊಕದ್ದಮೆಯಲ್ಲಿ ನಾಲ್ಕು ಮಾತುಗಳು ಮುಂದೆ ಬಂದವು: ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು, ಬುದ್ಧಿಪೂರ್ವಕವಾಗಿ ಉತ್ತರಿಸಲು ಸಾಕಾಗುವಷ್ಟು ಕಾರಣಗಳನ್ನು ಕೊಡಬೇಕು, ಉತ್ತರಿಸಲು ಸಾಕಷ್ಟು ಸಮಯ ಕೊಡಬೇಕು, ಬಂದ ಉತ್ತರಗಳನ್ನು ಮನಃಪೂರ್ವಕವಾಗಿ ಪರಿಗಣಿಸಿಯೇ ತೀರ್ಮಾನಿಸಬೇಕು. 2014ರಲ್ಲಿ ಹ್ಯಾರಿಂಗೇ ಕೌನ್ಸಿಲ್ ವಿರುದ್ಧದ ಮೋಸ್ಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಾಲ್ಕನ್ನೂ ಎತ್ತಿಹಿಡಿಯಿತು. ಅಲ್ಲಿನ ವಿಷಯ ಯೋಜನೆಯಲ್ಲ, ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ಕೌನ್ಸಿಲ್ ತೆರಿಗೆಯ ರಿಯಾಯಿತಿ. ಆ ರಿಯಾಯಿತಿಗೆ ಬೇಕಾದ ಹಣದ ಕೊರತೆಯನ್ನು ತುಂಬಲು ಬೇರೆ ದಾರಿಗಳಿದ್ದವು, ಕೌನ್ಸಿಲ್ ಅವನ್ನು ಕೈಬಿಟ್ಟಿತ್ತು. ಆದರೆ ಜನರಿಗೆ ಕಳಿಸಿದ ಪತ್ರದಲ್ಲಿ ಆ ದಾರಿಗಳ ಸುಳಿವೇ ಇರಲಿಲ್ಲ. ಇದು ನ್ಯಾಯಸಮ್ಮತ ಸಮಾಲೋಚನೆಯಲ್ಲ ಎಂದಿತು ಕೋರ್ಟ್. ಆರಿಸಿಕೊಂಡದ್ದನ್ನು ಮಾತ್ರ ತೋರಿಸಿ, ತಳ್ಳಿಹಾಕಿದ್ದನ್ನು ಮುಚ್ಚಿಟ್ಟು ‘ನಿಮ್ಮ ಅಭಿಪ್ರಾಯವೇನು’ ಎನ್ನುವಂತಿಲ್ಲ.

ಯೋಜನೆಯ ವಿಷಯದಲ್ಲಿ ಈ ತತ್ತ್ವಗಳು 2012ರ ಸ್ಥಳೀಯ ಯೋಜನಾ ನಿಯಮಾವಳಿಯ ಎರಡು ಹಂತಗಳಾಗಿ ಬರುತ್ತವೆ. ಈ ಕೆಲಸದಲ್ಲಿರುವವರು ಅವನ್ನು ನಿಯಮದ ಸಂಖ್ಯೆಯಿಂದಲೇ ಕರೆಯುತ್ತಾರೆ: ‘ರೆಗ್ಯುಲೇಷನ್ 18’, ‘ರೆಗ್ಯುಲೇಷನ್ 19’. ಹದಿನೆಂಟರಲ್ಲಿ ಪ್ರಶ್ನೆ ಅಗಲವಾದದ್ದು. ಈ ಯೋಜನೆಯಲ್ಲಿ ಏನಿರಬೇಕು ಎಂದೇ ಕೇಳಬೇಕು. ಎಷ್ಟು ದಿನ ಕೇಳಬೇಕೆಂಬ ಕನಿಷ್ಠ ಮಿತಿ ಅಲ್ಲಿಲ್ಲ. ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಕೌನ್ಸಿಲ್‌ಗಳು ತಮ್ಮ ಮಟ್ಟಿಗೆ ಯೋಜನೆಯನ್ನು ಮುಗಿಸಿರುತ್ತವೆ. ಅದನ್ನು ಪ್ರಕಟಿಸಿ ಕನಿಷ್ಠ ಆರು ವಾರಗಳ ಕಾಲಾವಕಾಶ ಕೊಡುತ್ತವೆ, ಮತ್ತು ಈಗ ಬರುವ ಅಹವಾಲುಗಳು ಯೋಜನೆಯನ್ನು ಪರಿಶೀಲಿಸಲು ನೇಮಕವಾದ ಸ್ವತಂತ್ರ ಇನ್ಸ್‌ಪೆಕ್ಟರ್‌ರ ಮುಂದೆ ಹೋಗುತ್ತವೆ.

ಈ ಎರಡನೆಯ ಹಂತದ ಅರ್ಜಿ ನಮೂನೆಯನ್ನೊಮ್ಮೆ ಕೈಗೆತ್ತಿಕೊಂಡು ನೋಡಬೇಕು. ‘ಈ ಯೋಜನೆ ನಿಮಗೆ ಇಷ್ಟವೇ’ ಎಂಬ ಪ್ರಶ್ನೆ ಅದರಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಮಾತು ಯಾವ ಪರಿಚ್ಛೇದಕ್ಕೆ, ಯಾವ ನೀತಿಗೆ, ನಕ್ಷೆಯ ಯಾವ ಭಾಗಕ್ಕೆ ಸಂಬಂಧಿಸಿದೆ ಎಂದು ಮೊದಲು ಕೇಳುತ್ತದೆ. ಆಮೇಲೆ ಹೌದು-ಇಲ್ಲ ಚೌಕಗಳು: ಯೋಜನೆ ಕಾನೂನುಬದ್ಧವಾಗಿದೆಯೇ, ‘ಸಮರ್ಪಕ’ವಾಗಿದೆಯೇ, ಸಹಕಾರದ ಕರ್ತವ್ಯವನ್ನು ಪಾಲಿಸಿದೆಯೇ. ಇಲ್ಲವೆಂದರೆ ಏಕೆ, ಮತ್ತು ಸರಿಯಾಗಲು ಯಾವ ವಾಕ್ಯವನ್ನು ಹೇಗೆ ತಿದ್ದಬೇಕು? ಕೊನೆಗೆ, ವಿಚಾರಣೆಯಲ್ಲಿ ಹಾಜರಾಗಿ ಮಾತನಾಡಲು ಬಯಸುತ್ತೀರಾ? ಇಲ್ಲಿ ಸಮರ್ಪಕ ಎಂಬುದು ಸಾಮಾನ್ಯ ಮೆಚ್ಚುಗೆಯ ಮಾತಲ್ಲ. ಅಗತ್ಯವನ್ನು ಪೂರೈಸುವಂತೆ ಸಿದ್ಧವಾಗಿದೆಯೇ, ಪರ್ಯಾಯಗಳನ್ನು ತೂಗಿ ಸಾಕ್ಷ್ಯದ ಮೇಲೆ ನಿಂತಿದೆಯೇ, ಕಾರ್ಯರೂಪಕ್ಕೆ ಬರಬಲ್ಲುದೇ, ರಾಷ್ಟ್ರೀಯ ನೀತಿಗೆ ಒಪ್ಪುತ್ತದೆಯೇ ಎಂಬ ನಾಲ್ಕು ಪರೀಕ್ಷೆಗಳಿಗೆ ಇಟ್ಟ ಒಂದೇ ಹೆಸರು ಅದು.

ಬಯಲಿನ ಅಂಚಿನಲ್ಲಿ ವಾಸಿಸುವವರೊಬ್ಬರು ಈ ನಮೂನೆಯಲ್ಲಿ ‘ನಮ್ಮ ರಸ್ತೆಯಲ್ಲಿ ಈಗಲೇ ವಾಹನಗಳು ಹೆಚ್ಚು’ ಎಂದು ಬರೆದರೆ ಅದು ನಿಜವಿರಬಹುದು, ಆದರೆ ಇನ್ಸ್‌ಪೆಕ್ಟರ್‌ಗೆ ಹಿಡಿಯಲು ಅದರಲ್ಲಿ ಹಿಡಿಕೆಯಿಲ್ಲ. ಅದನ್ನೇ ‘ಈ ಜಾಗದ ಸಂಚಾರ ಅಧ್ಯಯನ ಕೌನ್ಸಿಲ್‌ನ ಎಲ್ಲೆಯಲ್ಲಿ ನಿಂತುಬಿಟ್ಟಿದೆ, ಎಲ್ಲೆಯಾಚೆಯ ಮೊದಲ ವೃತ್ತವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದ್ದರಿಂದ ಈ ನೀತಿ ಸಾಕ್ಷ್ಯದ ಮೇಲೆ ನಿಂತಿಲ್ಲ’ ಎಂದು ಬರೆದರೆ, ಒಬ್ಬರೇ ಬರೆದಿದ್ದರೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ತಿದ್ದುಪಡಿ ಕೋರಿ ಸಮಯದೊಳಗೆ ಅಹವಾಲು ಸಲ್ಲಿಸಿದವರು ಕೇಳಿಕೊಂಡರೆ ಅವರಿಗೆ ಇನ್ಸ್‌ಪೆಕ್ಟರ್‌ರ ಮುಂದೆ ಮಾತನಾಡುವ ಅವಕಾಶ ಕೊಡಲೇಬೇಕೆಂದು 2004ರ ಕಾಯ್ದೆ ಹೇಳುತ್ತದೆ. ಇದು ಕಡಿಮೆ ಹಕ್ಕೇನಲ್ಲ. ಅದನ್ನು ಬಳಸಬೇಕಾದ ಭಾಷೆ ಮಾತ್ರ ಸಾಮಾನ್ಯ ಓದುಗನದಲ್ಲ, ಮತ್ತು ಈ ವ್ಯವಸ್ಥೆಯ ದೊಡ್ಡ ಕುಂದು ನನಗೆ ಕಾಣುವುದು ಅಲ್ಲಿಯೇ.

ಪರ್ಯಾಯಗಳನ್ನು ಸರಿಯಾಗಿ ತೂಗದಿದ್ದರೆ ಏನಾಗುತ್ತದೆಂಬುದನ್ನು ವೆಸ್ಟ್ ಆಫ್ ಇಂಗ್ಲೆಂಡ್ ಜಂಟಿ ಯೋಜನೆ ಕಂಡಿತು. ಬ್ರಿಸ್ಟಲ್, ಬಾತ್ ಮತ್ತು ಈಶಾನ್ಯ ಸಾಮರ್ಸೆಟ್, ಉತ್ತರ ಸಾಮರ್ಸೆಟ್, ದಕ್ಷಿಣ ಗ್ಲಾಸ್ಟರ್‌ಷೈರ್ ಎಂಬ ನಾಲ್ಕು ಕೌನ್ಸಿಲ್‌ಗಳು 2018ರಲ್ಲಿ ಅದನ್ನು ಪರಿಶೀಲನೆಗೆ ಸಲ್ಲಿಸಿದ್ದವು. ಯೋಜನೆಯಲ್ಲಿ ದೊಡ್ಡ ಅಭಿವೃದ್ಧಿಗೆಂದು 12 ಸ್ಥಳಗಳನ್ನು ಗುರುತಿಸಲಾಗಿತ್ತು. ಆ ಸ್ಥಳಗಳನ್ನು ಇತರ ಸಾಧ್ಯತೆಗಳೊಡನೆ ಹೋಲಿಸಿ ದೃಢವಾಗಿ ಆಯ್ದುಕೊಂಡಿದ್ದಕ್ಕೆ ಆಧಾರ ಕಾಣುತ್ತಿಲ್ಲವೆಂದು ಇನ್ಸ್‌ಪೆಕ್ಟರ್‌ಗಳು 2019ರಲ್ಲಿ ತಿಳಿಸಿದರು. 2020ರಲ್ಲಿ ಯೋಜನೆಯನ್ನು ಹಿಂತೆಗೆದುಕೊಳ್ಳಲಾಯಿತು. ವರ್ಷಗಟ್ಟಲೆ ನಡೆದ ಸಭೆಗಳು, ಪ್ರಕಟಣೆಗಳು, ಜನ ಕೂತು ಬರೆದ ಪುಟಗಳು ಎಲ್ಲವೂ ಅಷ್ಟಕ್ಕೇ ನಿಂತವು.

ಇದಕ್ಕಿಂತ ಉದ್ದನೆಯ ಕಥೆ ಗ್ರೇಟರ್ ಮ್ಯಾಂಚೆಸ್ಟರ್‌ನದು. ಅಲ್ಲಿನ 10 ಕೌನ್ಸಿಲ್‌ಗಳ ಕರಡು 2016ರ ಅಕ್ಟೋಬರ್‌ನಲ್ಲಿ ಹೊರಬಂತು. ಸುಮಾರು 2,27,000 ಮನೆಗಳು, ಅದಕ್ಕಾಗಿ ನಗರಗಳನ್ನು ಒಂದಕ್ಕೊಂದು ಅಂಟದಂತೆ ಕಾಯುವ ಗ್ರೀನ್ ಬೆಲ್ಟ್‌ನಿಂದ ಒಂದಿಷ್ಟು ನೆಲ. 27,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಮರುವರ್ಷ ಮೇಯರ್ ಚುನಾವಣೆಗೆ ನಿಂತ ಆ್ಯಂಡಿ ಬರ್ನ್‌ಹ್ಯಾಮ್ ಯೋಜನೆಯನ್ನು ಹೊಸದಾಗಿ ಬರೆಸುವುದಾಗಿ ಮಾತು ಕೊಟ್ಟು ಗೆದ್ದರು. 2019ರ ಎರಡನೆಯ ಕರಡಿನಲ್ಲಿ ಮನೆಗಳ ಸಂಖ್ಯೆ ಸುಮಾರು 2,01,000ಕ್ಕೆ ಇಳಿದಿತ್ತು, ಗ್ರೀನ್ ಬೆಲ್ಟ್‌ನ ನಷ್ಟವೂ ಕಡಿಮೆಯಾಗಿತ್ತು. ಇಲ್ಲಿ ಕೋಲು ತಟ್ಟಿದ್ದು ಕೇಳಿಸಿತು ಎನ್ನಬಹುದು, ಆದರೆ ಚುನಾವಣೆಯೊಂದು ಪಕ್ಕದಲ್ಲೇ ಇಲ್ಲದಿದ್ದರೆ ಅಷ್ಟು ಜೋರಾಗಿ ಕೇಳಿಸುತ್ತಿತ್ತೇ ಎಂಬ ಅನುಮಾನ ನನಗಿದೆ.

ಆಮೇಲೆ 2020ರ ಡಿಸೆಂಬರ್‌ನಲ್ಲಿ ಸ್ಟಾಕ್‌ಪೋರ್ಟ್ ಕೌನ್ಸಿಲ್ ಒಪ್ಪದೆ ಹೊರನಡೆಯಿತು. ಜಂಟಿ ಸಮಾಲೋಚನೆಯ ಮಟ್ಟಿಗೆ ಇದು ತೊಡಕಿನ ಪ್ರಶ್ನೆ: ಹತ್ತು ಕೌನ್ಸಿಲ್‌ಗಳ ಹೆಸರಿನಲ್ಲಿ ಜನರನ್ನು ಕೇಳಿ ಪಡೆದ ಉತ್ತರ ಒಂಬತ್ತರ ಯೋಜನೆಗೆ ಸಲ್ಲುತ್ತದೆಯೇ? ಹೊಸ ಯೋಜನೆಯ ಪರಿಣಾಮ ಹಳೆಯದರಂತೆಯೇ ಬಹುಮಟ್ಟಿಗೆ ಇದ್ದರೆ ಹಿಂದಿನ ಹಂತಗಳು ಉಳಿದವರ ಪಾಲಿಗೆ ಊರ್ಜಿತವಾಗುತ್ತವೆ ಎಂದು ಕಾನೂನು ಹೇಳುತ್ತದೆ. ಒಂಬತ್ತು ಕೌನ್ಸಿಲ್‌ಗಳು ಅದನ್ನೇ ಆಧಾರವಾಗಿ ಹಿಡಿದು, ‘ಪ್ಲೇಸಸ್ ಫಾರ್ ಎವ್ರಿವನ್’ ಎಂಬ ಹೊಸ ಹೆಸರಿನಲ್ಲಿ ನೇರವಾಗಿ 2021ರಲ್ಲಿ ರೆಗ್ಯುಲೇಷನ್ 19ರ ಹಂತಕ್ಕೆ ಹೋದವು.

ಜಂಟಿಯಾದಾಗ ಹುಟ್ಟುವ ಇನ್ನೊಂದು ತೊಡಕು ಸಣ್ಣದಾದರೂ ಕಾಡುವಂಥದ್ದು. ಜನರನ್ನು ಹೇಗೆ, ಯಾವ ಮಾಧ್ಯಮದಲ್ಲಿ, ಎಷ್ಟು ಕಾಲ ಕೇಳುತ್ತೇವೆ ಎಂಬುದನ್ನು ಪ್ರತಿ ಕೌನ್ಸಿಲ್ ‘ಸಮುದಾಯ ಪಾಲ್ಗೊಳ್ಳುವಿಕೆಯ ಹೇಳಿಕೆ’ ಎಂಬ ದಸ್ತಾವೇಜಿನಲ್ಲಿ ಮೊದಲೇ ಬರೆದಿಟ್ಟಿರುತ್ತದೆ, ಮತ್ತು ಆ ಮಾತಿಗೆ ಅದು ಬದ್ಧ. ಒಬ್ಬರು ಕಾಗದದ ಪ್ರತಿಯನ್ನು ಎಲ್ಲ ಗ್ರಂಥಾಲಯಗಳಲ್ಲಿ ಇಡುವುದಾಗಿ ಬರೆದಿದ್ದರೆ, ಪಕ್ಕದವರು ಮುಖ್ಯ ಕಚೇರಿಯಲ್ಲಿ ಮಾತ್ರ ಎಂದಿದ್ದರೆ, ಜಂಟಿ ಸಮಾಲೋಚನೆಯಲ್ಲಿ ಇಬ್ಬರ ಮಾತೂ ಉಳಿಯಬೇಕು. ಪ್ರಾಯೋಗಿಕವಾಗಿ ಇದಕ್ಕಿರುವ ಸುಲಭ ದಾರಿಯೆಂದರೆ, ಎಲ್ಲರಲ್ಲಿ ಅತ್ಯಂತ ಉದಾರವಾಗಿ ಮಾತು ಕೊಟ್ಟವರ ಮಟ್ಟಕ್ಕೆ ಉಳಿದವರೂ ಏರುವುದು.

ಸಮಾಲೋಚನೆ ಇನ್ಸ್‌ಪೆಕ್ಟರ್‌ರ ವಿಚಾರಣೆಯ ಬಳಿಕವೂ ಒಮ್ಮೆ ಬರುತ್ತದೆ. ಯೋಜನೆ ಸಮರ್ಪಕವಾಗಲು ಮುಖ್ಯ ತಿದ್ದುಪಡಿಗಳು ಬೇಕೆಂದಾದರೆ ಅವನ್ನು ಮತ್ತೆ ಜನರ ಮುಂದಿಡುವುದು ರೂಢಿ. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ ಇದು 2023ರಲ್ಲಿ ನಡೆಯಿತು; 2024ರ ಮಾರ್ಚ್ 21ರಿಂದ ಯೋಜನೆ ಜಾರಿಗೆ ಬಂತು. ಈ ಕೊನೆಯ ಸುತ್ತಿನಲ್ಲಿ ಕೇಳುವುದು ತಿದ್ದಿದ ಸಾಲುಗಳ ಬಗ್ಗೆ ಮಾತ್ರ. ತಿದ್ದದೆ ಉಳಿದ ಬಯಲಿನ ಬಗ್ಗೆ ಆಗ ಯಾರೇ ಬರೆದರೂ, ಅದು ಈ ಸಮಾಲೋಚನೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಕಡತ ಸೇರುತ್ತದೆ.